ಕಾಮಾಲೆ ಇದೆ, ರಕ್ತವೂ ಕಡಿಮೆ ಇದೆ

ಕಣ್ಣು ಹಳದಿಯಾದರೆ ಎಲ್ಲರೂ ಲಿವರ್ ಕಡೆ ನೋಡುತ್ತಾರೆ. ಹಿಮೋಗ್ಲೋಬಿನ್ ಕಡಿಮೆ ಬಂದರೆ ಕಬ್ಬಿಣದ ಮಾತ್ರೆ ಬರೆಯುತ್ತಾರೆ. ಎರಡೂ ಒಬ್ಬರಲ್ಲೇ ಒಟ್ಟಿಗೆ ಕಂಡಾಗ ಇವು ಎರಡು ಬೇರೆ ಬೇರೆ ತೊಂದರೆ ಅಂತ ಬೇಗ ತೀರ್ಮಾನ ಮಾಡಬಾರದು. ಮೆಡಿಸಿನ್ ವಿಭಾಗದಲ್ಲಿ ಕೆಲಸ ಮಾಡುವ ನಾನು ಕಿರಿಯ ವೈದ್ಯರಿಗೆ ಮತ್ತೆ ಮತ್ತೆ ಹೇಳುವುದು ಇದನ್ನೇ: ಮೊದಲು ಎರಡಕ್ಕೂ ಒಂದೇ ಕಾರಣ ಇದೆಯಾ ಅಂತ ಹುಡುಕಿ.

ವಿಲ್ಸನ್ ಕಾಯಿಲೆಯನ್ನೇ ನೋಡಿ. 1912ರಲ್ಲಿ ನರರೋಗ ತಜ್ಞ ಕಿನ್ನಿಯರ್ ವಿಲ್ಸನ್ ಇದನ್ನು ವಿವರಿಸಿದ್ದು ಮೆದುಳಿನ ತೊಂದರೆಯ ಜೊತೆಗೆ, ಆದರೆ ಎಷ್ಟೋ ಮಕ್ಕಳಲ್ಲಿ, ಹರೆಯದವರಲ್ಲಿ ಅದು ಮೊದಲು ಕಾಣಿಸುವುದು ಲಿವರ್‌ನಲ್ಲಿ. ಊಟದಲ್ಲಿ ಬರುವ ಹೆಚ್ಚುವರಿ ತಾಮ್ರವನ್ನು ಲಿವರ್ ಪಿತ್ತದ ಮೂಲಕ ಹೊರಗೆ ಹಾಕುತ್ತದೆ. ಎಟಿಪಿ7ಬಿ ಅನ್ನೋ ಜೀನ್‌ನ ಎರಡೂ ಪ್ರತಿಗಳು ಕೆಟ್ಟಿದ್ದರೆ ಆ ಕೆಲಸ ನಡೆಯುವುದಿಲ್ಲ, ತಾಮ್ರ ವರ್ಷಗಟ್ಟಲೆ ಸುಮ್ನೆ ಒಳಗೇ ಸೇರುತ್ತಾ ಹೋಗುತ್ತದೆ. ಒಂದು ದಿನ ಲಿವರ್ ಕೋಶಗಳು ಸಾಯತೊಡಗಿ ಆ ತಾಮ್ರವೆಲ್ಲ ಒಮ್ಮೆಲೇ ರಕ್ತಕ್ಕೆ ಬಂದರೆ ಕೆಂಪು ಕಣಗಳೂ ಒಡೆಯುತ್ತವೆ. ಆಗ ಕಾಮಾಲೆ ವಿಪರೀತ, ಹಿಮೋಗ್ಲೋಬಿನ್ ಕುಸಿತ, ಕೂಂಬ್ಸ್ ಪರೀಕ್ಷೆ ನೆಗೆಟಿವ್, ಅಂದರೆ ಕಣ ಒಡೆಯುತ್ತಿರುವುದು ದೇಹದ ಪ್ರತಿಕಾಯಗಳಿಂದಲ್ಲ. ಇನ್ನೊಂದು ಸುಳಿವು ರಿಪೋರ್ಟ್‌ನಲ್ಲೇ ಇರುತ್ತದೆ, ಯಾರೂ ನೋಡಲ್ಲ: ಕಣ್ಣು ಹಳದಿ ಮಾಡುವ ಬಿಲಿರುಬಿನ್ ಅಷ್ಟು ಏರಿದ್ದರೂ ಅಲ್ಕಲೈನ್ ಫಾಸ್ಫಟೇಸ್ ಅನ್ನೋ ಎನ್‌ಜೈಮ್ ಮಾತ್ರ ಕಡಿಮೆ. ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಕಡಿಮೆ ಇರುವ, ತಾಮ್ರ ಹೊರುವ ಪ್ರೋಟೀನ್ ಸೆರುಲೋಪ್ಲಾಸ್ಮಿನ್ ಈ ಹಂತದಲ್ಲಿ ನಾರ್ಮಲ್ ಬಂದರೂ ನಂಬಿ ಕೂರಬೇಡಿ, ಉರಿಯೂತ ಇದ್ದಾಗ ಅದು ಏರುತ್ತದೆ. ಕಾರ್ನಿಯಾದ ಅಂಚಿನಲ್ಲಿ ತಾಮ್ರ ಸೇರಿ ಮೂಡುವ ಕಣ್ಣಿನ ಉಂಗುರ ಇಲ್ಲ ಅಂತ ಕೈಬಿಡುವುದೂ ತಪ್ಪು, ಬರೀ ಲಿವರ್ ತೊಂದರೆ ಇರುವವರಲ್ಲಿ ಅನೇಕರಿಗೆ ಅದು ಇರುವುದಿಲ್ಲ.

ಲಿವರ್ ಹೀಗೆ ದಿಢೀರ್ ಕೈಕೊಟ್ಟ ಮೇಲೆ ಹೆಚ್ಚಿನವರಿಗೆ ಉಳಿಯುವ ದಾರಿ ಲಿವರ್ ಕಸಿ. ಮೊದಲೇ ಗೊತ್ತಾದರೆ ತಾಮ್ರ ಕಡಿಮೆ ಮಾಡುವ ಪೆನಿಸಿಲಮೈನ್, ಟ್ರೈಯೆಂಟಿನ್, ಸತುವಿನ ಮಾತ್ರೆಗಳಿವೆ, ಜೀವನಪೂರ್ತಿ ತೆಗೆದುಕೊಂಡರೆ ಬಹಳಷ್ಟು ಜನ ಚೆನ್ನಾಗಿರುತ್ತಾರೆ. ಅದಕ್ಕೇ ಒಬ್ಬರಿಗೆ ಪತ್ತೆಯಾದ ಕೂಡಲೇ ಅಣ್ಣ, ತಮ್ಮ, ಅಕ್ಕ, ತಂಗಿ ಎಲ್ಲರನ್ನೂ ಕರೆಸಿ ಪರೀಕ್ಷೆ ಮಾಡಿ. ಪ್ರತಿಯೊಬ್ಬರಿಗೂ 4ರಲ್ಲಿ 1ರಷ್ಟು ಸಾಧ್ಯತೆ ಇರುತ್ತದೆ, ನೋಡಲು ಅವರು ಪೂರ್ತಿ ಆರೋಗ್ಯವಾಗಿರಬಹುದು.

ಇನ್ನೊಂದು ಉದಾಹರಣೆ ಬಡ್-ಚಿಯಾರಿ ಕಾಯಿಲೆ. ಲಿವರ್‌ನಿಂದ ರಕ್ತ ಹೊರಹೋಗುವ ಸಿರೆಗಳು ಹೆಪ್ಪುಗಟ್ಟಿ ಮುಚ್ಚುತ್ತವೆ. ಹೊಟ್ಟೆಯಲ್ಲಿ ನೀರು, ಬಲಗಡೆ ನೋವು, ಲಿವರ್ ದೊಡ್ಡದು. ಡಾಪ್ಲರ್ ಸ್ಕ್ಯಾನ್‌ನಲ್ಲಿ ಸಿರೆ ಮುಚ್ಚಿದ್ದು ಕಂಡಿತು, ರಕ್ತ ತೆಳುವಾಗಿಸುವ ಔಷಧಿ ಶುರುವಾಯಿತು, ಅಲ್ಲಿಗೆ ಮುಗಿಯಿತಾ? ಇಲ್ಲ. ಹೆಪ್ಪು ಯಾಕೆ ಕಟ್ಟಿತು? ಎಷ್ಟೋ ಸಲ ಉತ್ತರ ಮೂಳೆಯ ಮಜ್ಜೆಯಲ್ಲಿರುತ್ತದೆ. ರಕ್ತಕಣಗಳು ಜಾಸ್ತಿ ತಯಾರಾಗುವ ಕಾಯಿಲೆ ಅಲ್ಲಿ ಅಡಗಿರುತ್ತದೆ, ಆದರೆ ಗುಲ್ಮ (ಸ್ಪ್ಲೀನ್) ಊದಿಕೊಂಡು ಕಣಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಕೌಂಟ್ ನಾರ್ಮಲ್ ಕಾಣುತ್ತದೆ. ಈ ನಾರ್ಮಲ್ ನನಗೆ ತುಂಬಾ ಭಯ ಹುಟ್ಟಿಸುತ್ತದೆ. 2005ರಲ್ಲಿ ಇಂಥ ಮಜ್ಜೆ ಕಾಯಿಲೆಗಳಲ್ಲಿ ಕಾಣುವ ಜಾಕ್2 ಜೀನ್‌ನ ಬದಲಾವಣೆ ಪತ್ತೆಯಾದ ಮೇಲೆ ರಕ್ತ ಪರೀಕ್ಷೆಯಲ್ಲೇ ಇದನ್ನು ಹುಡುಕಬಹುದು. ಜೊತೆಗೆ ಪಿಎನ್‌ಎಚ್ ಅನ್ನೋ ರಕ್ತದ ಕಾಯಿಲೆಗೆ ಫ್ಲೋ ಸೈಟೋಮೆಟ್ರಿ (ರಕ್ತಕಣಗಳ ಮೇಲ್ಮೈ ನೋಡುವ ಪರೀಕ್ಷೆ) ಕೂಡ ಮಾಡಿಸಿ. ಆ ಕಾಯಿಲೆಯಲ್ಲಿ ಕೆಂಪು ಕಣ ಒಡೆಯುವುದೂ ಇದೆ, ಹೊಟ್ಟೆಯ ಸಿರೆಗಳಲ್ಲಿ ಹೆಪ್ಪುಗಟ್ಟುವುದೂ ಇದೆ.

ಜ್ವರ ಇಳಿಯುತ್ತಿಲ್ಲ, ಲಿವರ್ ಎನ್‌ಜೈಮ್ ಏರಿದೆ, ಪ್ಲೇಟ್‌ಲೆಟ್, ಹಿಮೋಗ್ಲೋಬಿನ್ ಎರಡೂ ಇಳಿಯುತ್ತಿವೆ ಅಂದರೆ ಎಚ್‌ಎಲ್‌ಎಚ್ ನೆನಪಿರಲಿ, ಅಂದರೆ ರೋಗನಿರೋಧಕ ವ್ಯವಸ್ಥೆ ಹತೋಟಿ ತಪ್ಪಿ ದೇಹವನ್ನೇ ಹಾಳುಮಾಡುವ ಕಾಯಿಲೆ. ಕಬ್ಬಿಣ ಕೂಡಿಡುವ ಪ್ರೋಟೀನ್ ಫೆರಿಟಿನ್ ಮಿ.ಲೀ.ಗೆ 10,000 ನ್ಯಾನೋಗ್ರಾಂ ದಾಟಿದರೆ ಇನ್ನೂ ಅನುಮಾನ ಪಡಬೇಕು. ಇಲ್ಲಿ ಉರಿಯೂತ ತೋರಿಸುವ ಇಎಸ್‌ಆರ್ ಇಳಿದರೆ ಖುಷಿಪಡಬೇಡಿ, ಅದನ್ನು ಏರಿಸುವ ಫೈಬ್ರಿನೋಜನ್ ಪ್ರೋಟೀನ್ ಖಾಲಿಯಾಗುತ್ತಿರಬಹುದು.

ಎಲ್ಲ ಕಾಮಾಲೆಯೂ ಇಷ್ಟು ಭಯಂಕರವಲ್ಲ. ಉಪವಾಸ ಮಾಡಿದಾಗ ಕಣ್ಣು ಸ್ವಲ್ಪ ಹಳದಿಯಾಗುವ ಗಿಲ್ಬರ್ಟ್ ತೊಂದರೆ ಬಹಳ ಸಾಮಾನ್ಯ, ಔಷಧಿಯೇ ಬೇಡ. ಆದರೆ ಆ ಹೆಸರು ಕೊಡುವ ಮೊದಲು ಕೆಂಪು ಕಣ ಒಡೆಯುತ್ತಿದೆಯಾ ಅಂತ ತಿಳಿಯಲು ರೆಟಿಕ್ಯುಲೋಸೈಟ್ (ಹೊಸ ಕೆಂಪು ಕಣ) ಕೌಂಟ್, ಎಲ್‌ಡಿಎಚ್, ಒಂದು ಪೆರಿಫೆರಲ್ ಸ್ಮಿಯರ್ (ರಕ್ತದ ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡುವುದು) ನೋಡಿ. ಚಿಕ್ಕ ವಯಸ್ಸಿನಲ್ಲೇ ಪಿತ್ತಕೋಶದಲ್ಲಿ ಕಲ್ಲಾಗಿತ್ತಾ, ಮನೆಯಲ್ಲಿ ಯಾರಿಗಾದರೂ ಗುಲ್ಮ ತೆಗೆದಿದ್ದಾರಾ ಅಂತ ಕೇಳಿ. ಹೌದು ಅಂದರೆ ಹುಟ್ಟಿನಿಂದಲೇ ಕೆಂಪು ಕಣ ಗುಂಡಗಿರುವ ಸ್ಫೆರೋಸೈಟೋಸಿಸ್ ಇರಬಹುದು, ಲಿವರ್‌ನಲ್ಲಿ ಏನೂ ತೊಂದರೆ ಇಲ್ಲದೆಯೂ ಇರಬಹುದು.