ಹಳೆ ಜಿಪಿ ತೆಗೆಯುವ ಅಭ್ಯಾಸ: ಈಗ ಚಪ್ಪಟೆ ಕೆನಾಲ್‌ಗಳ ಸರದಿ

ಕಿತ್ತ ಹಲ್ಲುಗಳ ಮೇಲೆ ರೂಟ್ ಕೆನಾಲ್ ರೀಟ್ರೀಟ್‌ಮೆಂಟ್ ಅಭ್ಯಾಸ ಮುಂದುವರಿದಿದೆ, ಅಂದರೆ ಹಲ್ಲಿನ ಬೇರಿನೊಳಗಿನ ನಾಳಕ್ಕೆ (ಕೆನಾಲ್) ಹಿಂದೆ ತುಂಬಿದ್ದ ಜಿಪಿ, ಅಂದರೆ ಗಟ್ಟಾ ಪರ್ಚಾ ಎಂಬ ರಬ್ಬರಿನಂಥ ವಸ್ತು, ತೆಗೆದು ಮತ್ತೆ ಶುಚಿ ಮಾಡುವುದು. ನೇರವಾದ, ದುಂಡಗಿನ ಕೆನಾಲ್‌ಗಳು ಈಗ ಕೈಗೆ ಬಂದಿವೆ, ಅವುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ.

ಈ ಸಲ ಪ್ರೀಮೋಲಾರ್‌ಗಳು, ಕೋರೆಹಲ್ಲಿಗೂ ದವಡೆಹಲ್ಲಿಗೂ ನಡುವಿನ ಹಲ್ಲುಗಳು. ಕೆನಾಲ್ ಕೆನ್ನೆಯಿಂದ ಒಳಬದಿಗೆ ಅಗಲ, ಆ ಪಕ್ಕ ಈ ಪಕ್ಕ ಕಿರಿದು. ತಿರುಗುವ ಫೈಲ್ (ಕೆನಾಲ್ ಕೊರೆಯುವ ಸೂಜಿಯಂಥ ಉಪಕರಣ) ತನ್ನ ಸುತ್ತಳತೆಯಷ್ಟು ಜಾಗ ಮಾತ್ರ ಖಾಲಿ ಮಾಡುತ್ತದೆ ಅಲ್ವಾ, ಎರಡೂ ಬದಿಯ ಸಂದಿಯಲ್ಲಿರುವ ಗಟ್ಟಾ ಪರ್ಚಾ, ಅದರ ಸುತ್ತ ಸಂದಿ ಮುಚ್ಚುವ ಸೀಲರ್ ಹಾಗೇ ಕೂತಿರುತ್ತವೆ.

ಕೆನಾಲಿನ ಮೇಲ್ಭಾಗಕ್ಕೆ ಪ್ರೊಟೇಪರ್ ಡಿ1 ಬಳಸುತ್ತಿದ್ದೇನೆ, ಹಳೆ ಜಿಪಿ ತೆಗೆಯಲಿಕ್ಕೆಂದೇ ಇರುವ ಡಿ1, ಡಿ2, ಡಿ3 ಫೈಲುಗಳಲ್ಲಿ ಮೊದಲನೆಯದು. ಉದ್ದ 16 ಮಿ.ಮೀ., ಕೊರೆಯುವ ತುದಿ. ನಿಮಿಷಕ್ಕೆ 500ರಿಂದ 700 ಸುತ್ತು, ಒತ್ತುವುದು ಬೇಡ. ಉಜ್ಜಾಟದ ಬಿಸಿಗೇ ಜಿಪಿ ಮೆತ್ತಗಾಗಿ ಫೈಲಿನ ತಿರುವುಗಳಿಗೆ ಗುಲಾಬಿ ಎಳೆಯಾಗಿ ಸುತ್ತಿಕೊಂಡು ಬರುತ್ತದೆ. ಪ್ರತಿ ಸಲ ಹೊರಗೆ ತೆಗೆದಾಗ ಒರೆಸಿ ಮತ್ತೆ ಇಳಿಸಬೇಕು. ಡಿ2, ಡಿ3 ತುದಿ ಕೊರೆಯುವುದಿಲ್ಲ, ಹಳೆ ಜಾಡು ಹಿಡಿದು ಕೆಳಗೆ ಹೋಗುತ್ತವೆ.

ಇಷ್ಟಾದ ಮೇಲೆ ಎಕ್ಸ್‌ರೇ ತೆಗೆದರೆ ಕೆನಾಲ್ ಪೂರ್ತಿ ಖಾಲಿ ಕಾಣುತ್ತದೆ. ಅದೇ ಹಲ್ಲನ್ನು ಅಡ್ಡಕ್ಕೆ ತಿರುಗಿಸಿ ಇನ್ನೊಂದು ತೆಗೆದೆ: ನಡುವೆ ಕಪ್ಪು ದಾರಿ, ಒಂದು ಬದಿಗೆ ಉದ್ದಕ್ಕೂ ಉಳಿದ ಜಿಪಿಯ ಬಿಳಿ ಪಟ್ಟಿ! ಬಾಯೊಳಗೆ ಈ ಬದಿಯ ಚಿತ್ರ ಸಿಗುವುದೇ ಇಲ್ಲ, ಟ್ಯೂಬಿನ ಕೋನ ಸ್ವಲ್ಪ ಬದಲಾಯಿಸಿ ಅಂದಾಜು ಮಾಡಬೇಕು ಅಷ್ಟೇ. ಅದಕ್ಕೇ ಕಿತ್ತ ಹಲ್ಲಿನ ಅಭ್ಯಾಸ ನನಗೆ ಇಷ್ಟು ಮುಖ್ಯ.

ಆ ಪಟ್ಟಿಗೆ ಎಚ್ ಫೈಲ್, ಮೇಲಕ್ಕೆ ಎಳೆದಾಗ ಕಚ್ಚಿ ಹಿಡಿಯುವ ಕೈ ಫೈಲ್. ಮೊದಲು ಬಿಸಿ ಪ್ಲಗ್ಗರ್ (ಮೊಂಡು ತುದಿಯ ಕಡ್ಡಿ) ಮುಟ್ಟಿಸಿ ಜಿಪಿ ಮೆತ್ತಗೆ ಮಾಡಿ, ಫೈಲನ್ನು ಅದರೊಳಗೆ ಕೂರಿಸಿ, ಆರಿ ಗಟ್ಟಿಯಾಗುವ ತನಕ ಬಿಟ್ಟು, ನೇರ ಮೇಲಕ್ಕೆ ಎಳೆದರೆ ಕೆಲವೊಮ್ಮೆ ಇಡೀ ತುಂಡು ಅಚ್ಚಿನ ಹಾಗೆ ಬಂದುಬಿಡುತ್ತದೆ. ಬರದಿದ್ದರೆ ಸಣ್ಣ ಅಲ್ಟ್ರಾಸಾನಿಕ್ ಟಿಪ್ (ವೇಗವಾಗಿ ಕಂಪಿಸಿ ಬಿಡಿಸುವ ತುದಿ), ಮೈಕ್ರೋಸ್ಕೋಪಿನಲ್ಲಿ ನೋಡುತ್ತಾ.

ಜಿಪಿ ಕರಗಿಸುವ ಸಾಲ್ವೆಂಟ್ ಕೊನೆಗೇ ಬರಬೇಕು ಅನ್ನುವುದು ಈಗ ನನ್ನ ಖಚಿತ ಅಭಿಪ್ರಾಯ. ಮೊದಲೇ ಸುರಿದರೆ ಕರಗಿದ ಜಿಪಿ ಗೋಡೆಗೆಲ್ಲ ತೆಳ್ಳಗೆ ಬಳಿದುಕೊಂಡು ಡೆಂಟಿನಿನ (ಹಲ್ಲಿನ ಒಳಪದರದ) ಸಣ್ಣ ನಾಳಗಳ ಬಾಯಿ ಮುಚ್ಚುತ್ತದೆ. ಆಮೇಲೆ ಕ್ರಿಮಿ ಕೊಲ್ಲುವ ಹೈಪೋಕ್ಲೋರೈಟ್ ಹಾಕಿದರೂ ಒಳಗಿನ ಬ್ಯಾಕ್ಟೀರಿಯಾಗೆ ತಲುಪುವುದು ಕಷ್ಟ. ರೀಟ್ರೀಟ್‌ಮೆಂಟ್ ಮಾಡುವುದೇ ಆ ಸೋಂಕು ತೆಗೆಯಲಿಕ್ಕೆ, ಸುಮ್ನೆ ಜಿಪಿ ತೆಗೆದರೆ ಏನು ಬಂತು? ಹಾಗಾಗಿ ದೊಡ್ಡ ಭಾಗವೆಲ್ಲ ಬಂದ ಮೇಲೆ, ಕೆನಾಲ್ ಒಣಗಿಸಿ, ಕೆಲವೇ ಹನಿ ಕ್ಲೋರೋಫಾರ್ಮ್ ಬಿಟ್ಟು ಪೇಪರ್ ಪಾಯಿಂಟಿನಿಂದ (ಹೀರುವ ಕಾಗದದ ಸಣ್ಣ ಕಡ್ಡಿ) ಹೀರುವುದು. ಮೊದಲ ಪಾಯಿಂಟ್ ಗುಲಾಬಿ, ಮುಂದಿನದು ಸ್ವಲ್ಪ ಮಾಸಲು. ಬೆಳ್ಳಗೆ ಬರುವ ತನಕ ಇದೇ ಕೆಲಸ.

ಮುಂದಿನ ಹಂತಕ್ಕೆ ಬಯೋಸೆರಾಮಿಕ್ ಸೀಲರ್ (ಸಿಮೆಂಟಿನಂತೆ ಗಟ್ಟಿಯಾಗುವ ಬಗೆ) ಹಾಕಿ ತುಂಬಿಸಿದ ಹಲ್ಲುಗಳನ್ನು ಎತ್ತಿಟ್ಟಿದ್ದೇನೆ. ಆ ಸೀಲರ್ ಕ್ಲೋರೋಫಾರ್ಮ್‌ಗೆ ಜಿಪಿಯಂತೆ ಕರಗುವುದಿಲ್ಲ, ಅಲ್ಲಿ ಅಲ್ಟ್ರಾಸಾನಿಕ್ ಟಿಪ್ಪಿಗೇ ಜಾಸ್ತಿ ಕೆಲಸ. ಮುಗಿದ ಮೇಲೆ ಹಲ್ಲುಗಳನ್ನು ಉದ್ದಕ್ಕೆ ಸೀಳಿ, ಬೇರಿನ ತುದಿಯ ಕಡೆಯ ಮೂರನೇ ಒಂದು ಭಾಗದಲ್ಲಿ ಎಷ್ಟು ಉಳಿದಿದೆ ನೋಡುತ್ತೇನೆ.