“ಆ ಹುಡುಗರಿಗೂ ನಿಮಗೂ ಏನು ಸಂಬಂಧ?”

ಮಡಿಕೇರಿಯಲ್ಲಿ ನನ್ನದೊಂದು ಸಣ್ಣ ಅಂಗಡಿ. ಜೆರಾಕ್ಸ್, ಲ್ಯಾಮಿನೇಷನ್, ಆನ್‌ಲೈನ್ ಅರ್ಜಿ. ಕೌಂಟರಿನ ಹಿಂದಿನ ಗೋಡೆಯಲ್ಲಿ ಕಾವೇರಮ್ಮನ ಕ್ಯಾಲೆಂಡರ್ ಇದೆ, ಪಕ್ಕದಲ್ಲಿ ರೇಟಿನ ಪಟ್ಟಿ, ಅದರ ಪಕ್ಕ ಏಳು ಹುಡುಗರ ಫೋಟೊ. ಒಬ್ಬನ ತಲೆಕೂದಲು ಗುಲಾಬಿ, ಇನ್ನೊಬ್ಬನದು ನೀಲಿ. ಜಾತಿ ಸರ್ಟಿಫಿಕೇಟಿಗೆ ಬಂದವರು, ಸರ್ವರ್ ಸುತ್ತುತ್ತಾ ಇರುವಾಗ ಬೇರೆ ಕೆಲಸ ಇಲ್ಲದೆ ಗೋಡೆ ನೋಡುತ್ತಾರೆ. ಕಾವೇರಮ್ಮನಿಗೆ ಕೈ ಮುಗಿಯುತ್ತಾರೆ. ಆಮೇಲೆ ಶುರು: “ಇವರು ಯಾರು? ಇವರಿಗೂ ನಿಮಗೂ ಏನು ಸಂಬಂಧ?”

ದಿನಕ್ಕೆ ಒಂದು ಸಲವಾದರೂ ಈ ಪ್ರಶ್ನೆ ಬರುತ್ತದೆ. ನನ್ನ ವಯಸ್ಸು ನೋಡಿ ಕೇಳುವುದೇ ಜಾಸ್ತಿ. ಸುಮ್ನೆ ನಕ್ಕು ಕಳಿಸುತ್ತೇನೆ. ಇವತ್ತು ಮಳೆ, ಗಿರಾಕಿ ಇಲ್ಲ, ಪೂರ್ತಿ ಉತ್ತರ ಬರೆಯುತ್ತಿದ್ದೇನೆ.

ಅವರು ಬಿಟಿಎಸ್. ದಕ್ಷಿಣ ಕೊರಿಯಾದ ಹಾಡುಗಾರರ ತಂಡ. 2013ರ ಜೂನ್ 13ಕ್ಕೆ ಮೊದಲ ಸಲ ಜನರ ಮುಂದೆ ಬಂದರು. ಅವರ ಅಭಿಮಾನಿಗಳಿಗೆ ‘ಆರ್ಮಿ’ ಅಂತ ಹೆಸರು. ಕೊಡಗಿನಲ್ಲಿ ನಿಂತು ಹಾಗೆ ಹೇಳಿಕೊಂಡರೆ ಏನಾಗುತ್ತದೆ ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಸಂಬಂಧ ಅಂತ ಕೇಳಿದವರು ಸ್ವಲ್ಪ ಜಂಬದವರಾಗಿದ್ದರೆ ನನ್ನ ಹತ್ತಿರ ಒಂದು ರೆಡಿ ಉತ್ತರ ಇದೆ. “ಸನ್ನಿ ಸೈಡ್ ನೋಡಿದ್ದೀರಾ?” ಅನ್ನುತ್ತೇನೆ. ಜನರಲ್ ತಿಮ್ಮಯ್ಯನವರ ಮನೆ, ಈಗ ಮ್ಯೂಸಿಯಂ. 1953ರಲ್ಲಿ ಕೊರಿಯಾ ಯುದ್ಧ ನಿಂತಾಗ 22 ಸಾವಿರಕ್ಕೂ ಹೆಚ್ಚು ಕೈದಿಗಳು ನಾವು ನಮ್ಮ ಕಡೆಗೆ ವಾಪಸ್ ಹೋಗಲ್ಲ ಅಂತ ಕೂತಿದ್ದರು. ಅವರನ್ನು ಏನು ಮಾಡುವುದು ಅಂತ ನೋಡಲು ತಟಸ್ಥ ದೇಶಗಳ ಆಯೋಗ ಮಾಡಿದರು. ಅದರ ಅಧ್ಯಕ್ಷರಾಗಿ ಹೋದದ್ದು ನಮ್ಮ ಮಡಿಕೇರಿಯಲ್ಲಿ ಹುಟ್ಟಿದ ತಿಮ್ಮಯ್ಯನವರು. ನಮ್ಮೂರವರು ಕೊರಿಯಾಗೆ ಹೋಗಿ ಪಂಚಾಯ್ತಿ ಮಾಡಿ ಬಂದು ಎಪ್ಪತ್ತು ವರ್ಷ ದಾಟಿತು, ಅಲ್ಲಿನ ಏಳು ಹುಡುಗರು ನಮ್ಮ ಗೋಡೆಗೆ ಬಂದರೆ ತಪ್ಪೇನು? ಇಷ್ಟು ಹೇಳುವಷ್ಟರಲ್ಲಿ ಸರ್ವರ್ ಬಂದಿರುತ್ತದೆ.

ಇದು ಬಾಯಿ ಮುಚ್ಚಿಸುವ ಉತ್ತರ. ನಿಜವಾದದ್ದು ಬೇರೆ.

ನಮ್ಮ ಮನೆ ಊರಿನ ಅಂಚಲ್ಲಿದೆ. ಹಿಂದೆ ಎತ್ತರದ ಬರೆ, ಅಂದರೆ ಕಡಿದಾದ ಮಣ್ಣಿನ ದಿಬ್ಬ. 2018ರ ಆಗಸ್ಟಲ್ಲಿ ಕೊಡಗಿನ ಗುಡ್ಡಗಳು ಜಾರಿದಾಗ ಮಗಳಿಗೆ ಹನ್ನೆರಡು ವರ್ಷ. ನಮ್ಮ ಬರೆ ಜಾರಲಿಲ್ಲ. ಆದರೆ ಹತ್ತು ದಿನ ಮನೆ ಬಿಟ್ಟು ನೆಂಟರ ಮನೆಯಲ್ಲಿದ್ದೆವು. ವಾಪಸ್ ಬಂದ ಮೇಲೆ ಮಗಳಿಗೆ ಶೀಟಿನ ಮೇಲೆ ಮಳೆ ಬಿದ್ದರೆ ನಿದ್ದೆ ಬರುತ್ತಿರಲಿಲ್ಲ. ಎದ್ದು ಕೂತು ಕಿವಿಗೊಟ್ಟು ಕೇಳುತ್ತಿದ್ದಳು. ಮಣ್ಣು ಜಾರುವ ಸದ್ದು ಹೇಗಿರುತ್ತೆ ಅಂತ ಯಾರೋ ಹೇಳಿದ್ದರಂತೆ. ಕೊಡಗಿನ ಮಳೆಗಾಲದಲ್ಲಿ ಮಳೆ ಸದ್ದಿಗೆ ಹೆದರುವ ಮಗುವನ್ನು ಇಟ್ಟುಕೊಂಡು ಏನು ಮಾಡುವುದು ಹೇಳಿ. ಜೂನಿಂದ ಸೆಪ್ಟೆಂಬರ್ ತನಕ ಅದು ನಿಲ್ಲುವುದೇ ಇಲ್ಲ.

ಕೊನೆಗೆ ಅವಳೇ ದಾರಿ ಹುಡುಕಿಕೊಂಡಳು. ಇಯರ್‌ಫೋನ್ ಹಾಕಿ ಮಲಗುವುದು. ಮೊದಲು ಕನ್ನಡ ಹಾಡು ಹಾಕಿ ನೋಡಿದಳು, ಆಗಲಿಲ್ಲ. ಕನ್ನಡ ಸಿನಿಮಾ ಹಾಡಲ್ಲಿ ಅರ್ಧಕ್ಕರ್ಧ ಮಳೆ. ಹಾಡಲ್ಲಿ ಮಳೆ ಬಂದರೆ ಪ್ರೀತಿ ಹುಟ್ಟುತ್ತದೆ. ನಮ್ಮ ಮನೆಯಲ್ಲಿ ಮಳೆ ಬಂದರೆ ಟಾರ್ಚ್ ಹಿಡಿದು ಬರೆ ನೋಡಿ ಬರುತ್ತೇವೆ. ಅವಳಿಗೆ ಮಳೆ ಇಲ್ಲದ ಹಾಡು ಬೇಕಿತ್ತು. ಕೊರಿಯನ್ ಹಾಡಲ್ಲಿ ಮಳೆ ಇದ್ದರೂ ಅದು ಮಳೆ ಅಂತ ಗೊತ್ತಾಗುವುದಿಲ್ಲ, ಅಲ್ವಾ?

ಹಾಗಾಗಿ “ಭಾಷೆ ಅರ್ಥ ಆಗದೆ ಹೇಗೆ ಕೇಳ್ತೀರಿ” ಅನ್ನುವವರಿಗೆ ನಾನು ಹೇಳುವುದು: ನಮ್ಮ ಮನೆಗೆ ಆ ಹಾಡು ಬಂದದ್ದೇ ಅರ್ಥ ಆಗದ ಕಾರಣಕ್ಕೆ. ಅದೂ ಅಲ್ಲದೆ, ಈ ಪ್ರಶ್ನೆಯನ್ನು ಕೊಡಗಿನವರು ಕೇಳಬಾರದು. ನಾನು ಶನಿವಾರಸಂತೆ ಕಡೆಯವಳು, ಮನೆಮಾತು ಕನ್ನಡ. ಮಡಿಕೇರಿಗೆ ಮದುವೆಯಾಗಿ ಬಂದ ಹೊಸತರಲ್ಲಿ ಒಂದು ಕೊಡವ ಮದುವೆಗೆ ಹೋಗಿದ್ದೆ. ಊಟ ಮುಗಿಸಿ ಕೂತಿದ್ದೆವು, ವಾಲಗ ಶುರುವಾಯಿತು. ಕೋಲು ಹಿಡಿದು ನಡೆಯುವ ಅಜ್ಜ ಕೋಲನ್ನು ಕುರ್ಚಿಗೆ ಒರಗಿಸಿ ಎದ್ದರು. ಎರಡೂ ಕೈ ಮೇಲೆತ್ತಿ ಕುಣಿಯಲು ಹೋದವರು ಅರ್ಧ ಗಂಟೆ ಬರಲಿಲ್ಲ. ಆ ವಾಲಗಕ್ಕೆ ಪದವೇ ಇಲ್ಲ. ಯಾವ ಭಾಷೆ ಅಂತ ಕೇಳುವ ಹಾಗೂ ಇಲ್ಲ. ನನ್ನ ಅಂಗಡಿ ಇರುವ ಬೀದಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ ಎಲ್ಲ ಕೇಳುತ್ತದೆ. ಅರ್ಧ ಅರ್ಥವಾಗುತ್ತದೆ, ಇನ್ನರ್ಧ ಮುಖ ನೋಡಿ ತಿಳಿದುಕೊಳ್ಳುತ್ತೇವೆ. ವ್ಯಾಪಾರ ನಡೆಯುತ್ತಿದೆ.

ನಾನು ಸಿಕ್ಕಿಹಾಕಿಕೊಂಡದ್ದು 2020ರಲ್ಲಿ. ಆ ವರ್ಷ ಆಗಸ್ಟ್ 6ಕ್ಕೆ ತಲಕಾವೇರಿಯ ಬೆಟ್ಟ ಕುಸಿಯಿತು. ಶಾಲೆ ಇಲ್ಲ, ಆನ್‌ಲೈನ್ ಕ್ಲಾಸ್. ಕರೆಂಟ್ ಬಂದರೆ ರೇಂಜ್ ಇಲ್ಲ, ರೇಂಜ್ ಬಂದರೆ ಫೋನಲ್ಲಿ ಚಾರ್ಜ್ ಇಲ್ಲ. ಆಗಸ್ಟ್ 21ಕ್ಕೆ ಬಿಟಿಎಸ್‌ನ ಹೊಸ ಹಾಡು ಬರುತ್ತದೆ, ಕೊರಿಯಾದ ಮಧ್ಯಾಹ್ನ ಒಂದು ಗಂಟೆಗೆ, ಅಂದರೆ ನಮ್ಮ ಬೆಳಿಗ್ಗೆ ಒಂಬತ್ತೂವರೆಗೆ ಅಂತ ಮಗಳು ಗೋಡೆಯಲ್ಲಿ ಬರೆದಿಟ್ಟಿದ್ದಳು. ಅವತ್ತು ಮನೆಯಲ್ಲಿ ರೇಂಜ್ ಇರಲಿಲ್ಲ. ಮೇಲಿನ ರಸ್ತೆಯ ಬಸ್ ತಂಗುದಾಣದಲ್ಲಿ ಎರಡು ಕಡ್ಡಿ ಬರುತ್ತದೆ. ಒಬ್ಬಳನ್ನೇ ಕಳಿಸುವ ಹಾಗಿಲ್ಲ, ಕೊಡೆ ಹಿಡಿದು ನಾನೂ ಹೋದೆ. ಸಿಮೆಂಟ್ ಬೆಂಚು ಒದ್ದೆ. ಗೋಣಿಚೀಲ ಹಾಸಿ ಕೂತೆವು. ಒಂಬತ್ತೂವರೆ ಆಯಿತು. ಆ ವೃತ್ತ ಸುತ್ತುತ್ತಲೇ ಇತ್ತು. ಹತ್ತು ಸೆಕೆಂಡ್ ಹಾಡು, ನಿಂತಿತು. ಮತ್ತೆ ಆರು ಸೆಕೆಂಡ್. ನಾಲ್ಕು ನಿಮಿಷವೂ ಇಲ್ಲದ ಹಾಡು ಕೇಳಿ ಮುಗಿಸಲು ನಲವತ್ತು ನಿಮಿಷ ಬೇಕಾಯಿತು. ಒಂದು ಇಯರ್‌ಫೋನ್ ಅವಳ ಕಿವಿಯಲ್ಲಿ, ಒಂದು ನನ್ನ ಕಿವಿಯಲ್ಲಿ.

“ಅಮ್ಮ, ಇದು ಪೂರ್ತಿ ಇಂಗ್ಲಿಷಲ್ಲಿದೆ, ನಿಂಗೆ ಅರ್ಥ ಆಗುತ್ತೆ” ಅಂದಳು. ನನಗೆ ಒಂದು ಪದವೂ ಹಿಡಿಯಲಿಲ್ಲ.

ಆ ಹಾಡಿನ ವಿಡಿಯೊವನ್ನು ಮೊದಲ 24 ಗಂಟೆಯಲ್ಲಿ 10 ಕೋಟಿಗೂ ಹೆಚ್ಚು ಸಲ ನೋಡಿದ್ದರು. ಅಮೆರಿಕದ ಬಿಲ್‌ಬೋರ್ಡ್‌ನ ಹಾಡುಗಳ ಪಟ್ಟಿಯಲ್ಲಿ (ಹಾಟ್ 100) ಅವರು ಮೊದಲ ಸಲ ಒಂದನೇ ಜಾಗಕ್ಕೆ ಬಂದದ್ದೂ ಅದರಿಂದಲೇ. ಆ ಕೋಟಿಗಳಲ್ಲಿ ನಮ್ಮದು ಒಂದು ಅಂತ ಮಗಳು ಬೀಗಿದಳು. ಅದಕ್ಕಿಂತ ನನಗೆ ನೆನಪಿರುವುದು ಬೇರೆ. ತಗಡಿನ ಮೇಲೆ ಮಳೆ ಬಡಿಯುತ್ತಿತ್ತು. ನಲವತ್ತು ನಿಮಿಷ ಅವಳು ಒಂದು ಸಲವೂ ತಲೆ ಎತ್ತಿ ಮೇಲೆ ನೋಡಲಿಲ್ಲ.

ಇದನ್ನು ಹೇಳಿದ ಮೇಲೂ “ಆದರೂ ಅಷ್ಟೊಂದು ಹುಚ್ಚಾ” ಅನ್ನುವವರಿದ್ದಾರೆ. ಅವರಿಗೆ ನಮ್ಮಪ್ಪನ ಕಥೆ ಹೇಳುತ್ತೇನೆ. 2000ದ ಜುಲೈ 30ರ ರಾತ್ರಿ ಗಾಜನೂರಿನಿಂದ ರಾಜ್‌ಕುಮಾರ್ ಅವರನ್ನು ವೀರಪ್ಪನ್ ಎತ್ತಿಕೊಂಡು ಹೋದ. ಅಪ್ಪ ಮರುದಿನದಿಂದ ಗಡ್ಡ ಬಿಟ್ಟರು. ಕಾಪಿ ಗಿಡಕ್ಕೆ ಗೊಬ್ಬರ ಹಾಕುವಾಗಲೂ ಕೊರಳಲ್ಲಿ ರೇಡಿಯೊ. ವಾರ್ತೆ ಮುಗಿದ ಮೇಲೆ ದೇವರ ಕೋಣೆಗೆ ಹೋಗಿ ಬರುತ್ತಿದ್ದರು, ಅಮ್ಮ ಏನೂ ಕೇಳುತ್ತಿರಲಿಲ್ಲ. 108 ದಿನ. ನವೆಂಬರ್ 15ಕ್ಕೆ ಬಿಡುಗಡೆ ಅಂತ ಗೊತ್ತಾದಾಗ ಅಪ್ಪ ಶನಿವಾರಸಂತೆ ಪೇಟೆಗೆ ಹೋಗಿ ಗಡ್ಡ ತೆಗೆಸಿಕೊಂಡು, ಒಂದು ಕೆಜಿ ಮೈಸೂರ್‌ಪಾಕ್ ತಂದು ತೋಟದ ಕೆಲಸದವರ ಲೈನ್ ಮನೆಗಳಿಗೆಲ್ಲ ಹಂಚಿದರು. ಅಪ್ಪ ಜೀವನದಲ್ಲಿ ಅಣ್ಣಾವ್ರನ್ನು ನೋಡಿದ್ದು ಒಂದೇ ಸಲ, ಮೈಸೂರಲ್ಲಿ, ಜನರ ತಲೆಗಳ ಮೇಲಿಂದ. “ಅವರಿಗೂ ನಿಮಗೂ ಏನು ಸಂಬಂಧ” ಅಂತ ಅಪ್ಪನನ್ನು ಆ 108 ದಿನದಲ್ಲಿ ಒಬ್ಬರೂ ಕೇಳಲಿಲ್ಲ. ಎಲ್ಲರೂ ಕಾಯುತ್ತಿದ್ದರು, ಇವರೂ ಕಾಯುತ್ತಿದ್ದರು, ಅಷ್ಟೇ.

ಮಡಿಕೇರಿ ದಸರಾದಲ್ಲಿ ದಶಮಂಟಪ, ಅಂದರೆ ಹತ್ತು ದೇವಸ್ಥಾನಗಳ ಮಂಟಪಗಳ ಮೆರವಣಿಗೆ, ಬರುವ ರಾತ್ರಿ ‘ನಮ್ಮ ಮಂಟಪವೇ ಫಸ್ಟ್’ ಅಂತ ಗಂಟಲು ಹರಿದುಕೊಳ್ಳುವವರ ಬಗ್ಗೆ ನಾನೇನೂ ಹೇಳುವುದಿಲ್ಲ. ಅವರೂ ನನ್ನ ಗಿರಾಕಿಗಳು.

ಹಾಗಂತ ಇದರಲ್ಲಿ ಎಲ್ಲವೂ ಚಂದ ಅಂತ ಅಲ್ಲ. ನಾನು ಅಂಗಡಿಯವಳು, ದುಡ್ಡಿನ ವಾಸನೆ ಬೇಗ ಗೊತ್ತಾಗುತ್ತದೆ. ಈ ಕೊರಿಯನ್ ಆಲ್ಬಮ್‌ಗಳ ಒಳಗೆ ಫೋಟೊಕಾರ್ಡ್ ಅಂತ ಇಡುತ್ತಾರೆ. ಯಾರ ಫೋಟೊ ಇದೆ ಅಂತ ತೆರೆದ ಮೇಲೇ ಗೊತ್ತಾಗುವುದು. ಮಕ್ಕಳಿಗೆ ಒಬ್ಬ ‘ಬಯಸ್’ ಇರುತ್ತಾನೆ, ಅಂದರೆ ಏಳು ಜನರಲ್ಲಿ ಅವರ ಹುಡುಗ. ಅವನದೇ ಬರುವ ತನಕ ಇನ್ನೊಂದು ಕೊಳ್ಳಬೇಕು ಅನಿಸುತ್ತದೆ. ಜಾತ್ರೆಯಲ್ಲಿ ರಿಂಗ್ ಎಸೆದು ಸೋಪು ಗೆಲ್ಲುವ ಆಟ ಇದೆಯಲ್ಲ, ಅದೇ ಇದು. ಮೇಲಿನ ಹೊದಿಕೆ ಚಂದ ಅಷ್ಟೇ. ಮಗಳು ಒಂದು ಸಲ ‘ಗ್ರೂಪ್ ಆರ್ಡರ್’ ಅಂತ ಯಾವುದೋ ಇನ್‌ಸ್ಟಾಗ್ರಾಂ ಖಾತೆಗೆ ₹1,800 ಕಳಿಸಿದಳು. ಹಬ್ಬಕ್ಕೆ ಅಜ್ಜಿ, ದೊಡ್ಡಮ್ಮ ಕೊಟ್ಟ ದುಡ್ಡು. ಮೂರು ವಾರ ಪೋಸ್ಟಿನವರ ದಾರಿ ಕಾದಳು. ನಾಲ್ಕನೇ ವಾರ ಖಾತೆಯೇ ಮಾಯ. ಬೈದೆ. ಆಮೇಲೆ ನನ್ನ ಮಷಿನ್‌ನಲ್ಲೇ ಅವಳಿಗೆ ಒಂದು ಸೆಟ್ ಪ್ರಿಂಟ್ ತೆಗೆದುಕೊಟ್ಟೆ.

ಅಲ್ಲಿಂದ ನನ್ನ ಹೊಸ ವ್ಯಾಪಾರ ಶುರು. ಅವಳ ಗೆಳತಿಯರು ಬಂದರು, ಅವರ ಗೆಳತಿಯರು ಬಂದರು. “ಆಂಟಿ, 55 ಬೈ 85” ಅನ್ನುತ್ತಾರೆ. ಮಿಲಿಮೀಟರ್ ಲೆಕ್ಕ ಅದು. ಹೆಚ್ಚು ಕಡಿಮೆ ಎಟಿಎಂ ಕಾರ್ಡಿನ ಅಳತೆ. ಹಾಗಾಗಿ ಆಧಾರ್ ಕಾರ್ಡಿಗೆ ಅಂತ ತಂದ ಕಟ್ಟರ್ ಇದಕ್ಕೂ ಆಗುತ್ತದೆ. ಮೂಲೆ ಅದೇ ದುಂಡಗೆ ಮಾಡಿಕೊಡುತ್ತದೆ. ಎ4 ಹಾಳೆಯನ್ನು ಅಡ್ಡ ಇಟ್ಟರೆ ಹತ್ತು ಕಾರ್ಡ್, ಉದ್ದ ಇಟ್ಟರೆ ಒಂಬತ್ತೇ. ಒಂದಕ್ಕೆ ₹10. ಇದು ಕಂಪನಿಗೆ ಹೇಳದೆ ಮಾಡುವ ನಕಲು, ಗೊತ್ತು. ಆದರೆ ₹1,800 ಕಳೆದುಕೊಳ್ಳುವುದಕ್ಕಿಂತ ₹10 ವಾಸಿ ಅಂತ ನಾನೇ ನನಗೆ ಹೇಳಿಕೊಂಡಿದ್ದೇನೆ.

ಇನ್ನೊಂದು ನನಗೆ ಹಿಡಿಸದ್ದು, ಹಿಂದೆ ಬೀಳುವ ಚಟ. ಹಾಡುವವರ ಮನೆ ಎಲ್ಲಿ, ಯಾವ ವಿಮಾನದಲ್ಲಿ ಹೋಗುತ್ತಾರೆ ಅಂತ ಹಿಂಬಾಲಿಸುವ ಜನ ಅಲ್ಲಿ ಇದ್ದಾರೆ. ಅವರಿಗೆ ‘ಸಾಸೆಂಗ್’ ಅಂತಲೇ ಹೆಸರು. ನಗಬೇಡಿ. ಇಲ್ಲಿಗೆ ಬರುವ ಪ್ರವಾಸಿಗಳು ರಾಜಾಸೀಟ್, ಅಬ್ಬಿ ಫಾಲ್ಸ್ ಆದ ಮೇಲೆ ಕೇಳುವ ಮೂರನೇ ದಾರಿ ರಶ್ಮಿಕಾ ಮಂದಣ್ಣ ಅವರ ಮನೆಯದು. ಅವರು ವಿರಾಜಪೇಟೆಯವರು, ಇದು ಮಡಿಕೇರಿ ಅಂತ ಮಾತ್ರ ಹೇಳಿ ಕಳಿಸುತ್ತೇನೆ. ಮನುಷ್ಯರ ಮನೆ ವ್ಯೂ ಪಾಯಿಂಟ್ ಅಲ್ಲ.

ಈಗ ಆ ‘ಆರ್ಮಿ’ ವಿಷಯ. 2022ರ ನವೆಂಬರ್. ನವೆಂಬರ್ ಅಂದರೆ ನಿವೃತ್ತ ಸೈನಿಕರು ಪಿಂಚಣಿಗೆ ಜೀವನ ಪ್ರಮಾಣ, ಅಂದರೆ ಬದುಕಿದ್ದೇವೆ ಅನ್ನುವ ಪ್ರಮಾಣಪತ್ರ, ಕೊಡುವ ತಿಂಗಳು. ನಮ್ಮ ಸುಬೇದಾರ್ ಅಂಕಲ್ ಬಂದು ಬೆರಳು ಒತ್ತುತ್ತಿದ್ದರು. ತೋಟದ ಕೆಲಸ ಮಾಡಿ ಬೆರಳಿನ ಗೆರೆ ಸವೆದಿದೆ, ಮಷಿನ್ ಹಿಡಿಯುವುದಿಲ್ಲ. ಹೆಬ್ಬೆರಳು ಆಯಿತು, ತೋರುಬೆರಳು ಆಯಿತು. ಅಷ್ಟರಲ್ಲಿ ಮಗಳ ಬ್ಯಾಗಿನ ಮೇಲಿನ ಅಕ್ಷರ ಕಣ್ಣಿಗೆ ಬಿತ್ತು.

“ಎಂತ ಮಗಳೇ, ಎನ್‌ಸಿಸಿಯಾ?”

“ಅಲ್ಲ ಅಂಕಲ್, ನಾನು ಆರ್ಮಿ.”

“ಯಾವ ರೆಜಿಮೆಂಟ್?”

ಮಗಳು ವಿವರಿಸಿದಳು. ಅಂಕಲ್ ಮುಖ ಗಂಟಿಕ್ಕಿತು. ಹಾಡಿ ಕುಣಿಯುವವರಿಗೆ ಆರ್ಮಿಯಾ ಅನ್ನುವ ಹಾಗೆ. ಆಗ ಅವಳು, ಅವರಲ್ಲಿ ಎಲ್ಲರಿಗಿಂತ ದೊಡ್ಡವನು, ಜಿನ್ ಅಂತ, ಮುಂದಿನ ತಿಂಗಳು ನಿಜವಾದ ಮಿಲಿಟರಿಗೇ ಹೋಗುತ್ತಿದ್ದಾನೆ ಅಂದಳು. ಅಲ್ಲಿ ಗಂಡಸರಿಗೆಲ್ಲ ಅದು ಕಡ್ಡಾಯ, ಇವರಿಗೆ ವಿನಾಯಿತಿ ಕೊಡಬೇಕೋ ಬೇಡವೋ ಅಂತ ದೇಶವೇ ಚರ್ಚೆ ಮಾಡಿತ್ತು, ಕೊನೆಗೆ ಏಳೂ ಜನ ಹೋಗುತ್ತೇವೆ ಅಂದರು ಅಂತಲೂ ಹೇಳಿದಳು.

“ಎಷ್ಟು ವರ್ಷ?”

“ಹದಿನೆಂಟು ತಿಂಗಳು.”

“ಅಷ್ಟೇನಾ?” ಅಂದರು. ಸ್ವಲ್ಪ ಹೊತ್ತು ಬಿಟ್ಟು, “ಹೋಗ್ಲಿ, ಹೋದ್ರಲ್ಲ” ಅಂದರು. ಉಂಗುರದ ಬೆರಳು ಹಿಡಿಯಿತು.

ಡಿಸೆಂಬರ್ 13ಕ್ಕೆ ಜಿನ್ ಹೋದ. ಮುಂದಿನ ನವೆಂಬರಲ್ಲಿ ಅಂಕಲ್ ಬಂದವರೇ, “ಎಷ್ಟು ಜನ ಹೋದ್ರು ಮಗಳೇ?” ಆಗ ಮೂರು. ಆ ಡಿಸೆಂಬರಲ್ಲಿ ಉಳಿದ ನಾಲ್ಕೂ ಜನ ಹೋದರು. 2024ರ ನವೆಂಬರಲ್ಲಿ “ಎಷ್ಟು ಜನ ಬಂದ್ರು?” ಎರಡು. ನಮ್ಮ ಮನೆಯಲ್ಲಿ ಯಾರೂ ಮಿಲಿಟರಿಯಲ್ಲಿಲ್ಲ. ಕ್ಯಾಲೆಂಡರಲ್ಲಿ ಗುರುತು ಹಾಕಿಕೊಂಡು ಕಾಯುವುದು ಈ ಊರಿನ ಎಷ್ಟೋ ಮನೆಗಳಿಗೆ ಹೊಸದಲ್ಲ, ನಮಗೆ ಮಾತ್ರ ಹೊಸದಾಗಿತ್ತು. 2025ರ ಜೂನಲ್ಲಿ ಕೊನೆಯವರೆಲ್ಲ ಹೊರಗೆ ಬಂದರು. ಆರ್‌ಎಂ ಅನ್ನುವವನು ಮಿಲಿಟರಿ ಬ್ಯಾಂಡಿನಲ್ಲಿದ್ದ. ಹೊರಗೆ ಬಂದ ದಿನ ಸ್ಯಾಕ್ಸೊಫೋನ್ ಊದಿದ. ಮಗಳು ಆಗ ಮೈಸೂರಲ್ಲಿ ಕಾಲೇಜು. ವಿಡಿಯೊ ಕಳಿಸಿ, ಅಳುವ ಮುಖದ ಎಮೋಜಿ ಹನ್ನೆರಡು ಹಾಕಿದ್ದಳು. ನಮ್ಮಲ್ಲಿ ಧಾರಾಕಾರ ಮಳೆ. ಅಲ್ಲಿ ಮಳೆಯಾ ಅಂತ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೊನ್ನೆ ನವೆಂಬರಲ್ಲಿ ಅಂಕಲ್ ಬಂದರು. ಮಗಳು ಕೌಂಟರಲ್ಲಿಲ್ಲ ಅಂತ ನೋಡಿ, ಗೋಡೆ ಕಡೆ ಗದ್ದ ತೋರಿಸಿ ನನ್ನನ್ನೇ ಕೇಳಿದರು.

“ಎಲ್ಲ ಬಂದ್ರಾ?”

“ಏಳೂ ಜನ ಬಂದ್ರು ಅಂಕಲ್.”

“ಯಾರಿಗೂ ಏನೂ ಆಗಿಲ್ವಲ್ಲ?”

“ಇಲ್ಲ ಅಂಕಲ್.”

ತಲೆಯಾಡಿಸಿದರು. ಬೆರಳು ಒತ್ತಿದರು, ಈ ಸಲ ಮೊದಲನೆಯದೇ ಹಿಡಿಯಿತು. ಹೋಗುವ ಮೊದಲು ಪರ್ಸಿನ ಒಳಗಿನ ಜೇಬಿಂದ ಒಂದು ಕಪ್ಪು ಬಿಳುಪು ಫೋಟೊ ತೆಗೆದರು. ಯೂನಿಫಾರ್ಮಿನ ಹುಡುಗ, ಇಪ್ಪತ್ತೆರಡು ಇಪ್ಪತ್ತಮೂರು ವರ್ಷ ಇರಬಹುದು. ಅಂಕಲ್ ಅಲ್ಲ, ಮೂಗು ಬೇರೆ. ಮಡಚಿ ಮಡಚಿ ನಡುವೆ ಬಿಳಿ ಗೆರೆ ಬಿದ್ದಿತ್ತು.

“ಆ ಮಕ್ಕಳಿಗೆ ಮಾಡಿ ಕೊಡ್ತೀಯಲ್ಲ, ಆ ಸೈಜಲ್ಲಿ ಮಾಡು. ಗೆರೆ ತೆಗೀಲಿಕ್ಕೆ ಆಗ್ತದಾ?”

ಆಗುತ್ತದೆ ಅಂದೆ. ಸ್ಕ್ಯಾನ್ ಮಾಡಿ, ಕೆನ್ನೆಯ ಮೇಲೆ ಹಾದುಹೋಗಿದ್ದ ಗೆರೆಯನ್ನು ನಿಧಾನಕ್ಕೆ ಅಳಿಸಿದೆ. ಒಂದು ಹಾಳೆಯಲ್ಲಿ ಹತ್ತು ಬರುತ್ತೆ ಅಂಕಲ್, ಎಷ್ಟು ಬೇಕು ಅಂತ ಕೇಳಿದೆ.

“ಎರಡು ಸಾಕು. ಒಂದು ನಂಗೆ. ಒಂದು ನಾಪೋಕ್ಲಲ್ಲಿ ಅವನ ತಂಗಿ ಇದ್ದಾಳೆ, ಕೊಟ್ಟು ಬರ್ತೇನೆ.”