ಕ್ರೀಡೆಗೆ ಇಡುವ ಕೋಟಿ ರೊಕ್ಕ ಕಲಬುರಗಿ ಹುಡುಗನ ತನಕ ಯಾಕೆ ಬರಲ್ಲ?

ಚಂದ್ರಶೇಖರ ಪಾಟೀಲ ಕ್ರೀಡಾಂಗಣಕ್ಕೆ ಮುಂಜಾನೆ ಮಕ್ಕಳನ್ನು ಕರೆತರುವ ಪಾಲಕರ ಪ್ರಶ್ನೆ ಒಂದೇ: “ಒಲಿಂಪಿಕ್ಸಿಗೆ ಸರ್ಕಾರ ಕೋಟಿಗಟ್ಟಲೆ ಕೊಡ್ತದಂತ, ನಮ್ಮ ಹುಡುಗಗ ಒಂದ್ ಜೋಡಿ ಬೂಟ್ ಭೀ ಯಾಕ ಬರಂಗಿಲ್ರಿ ಸರ?”

ಕೋಟಿ ಕೊಡುವುದು ಖರೆ. ಪ್ಯಾರಿಸ್ ಒಲಿಂಪಿಕ್ಸ್ ತಯಾರಿಗೆ ಕೇಂದ್ರ ಸುಮಾರು 470 ಕೋಟಿ ಖರ್ಚು ಮಾಡಿತು, ಬಂದದ್ದು 6 ಪದಕ. ಆದರೆ ಅದು ಪದಕದ ಹತ್ತಿರ ಬಂದವರ ರೊಕ್ಕ. 2014ರಲ್ಲಿ ಶುರುವಾದ, ಒಲಿಂಪಿಕ್ಸ್ ಪದಕದ ಗುರಿಯ ಕೇಂದ್ರದ ‘ಟಾಪ್ಸ್’ ಯೋಜನೆಯ ಕೋರ್ (ಪದಕಕ್ಕೆ ಹತ್ತಿರದ) ಗುಂಪಿನವರಿಗೆ ತಿಂಗಳಿಗೆ 50,000, ಡೆವಲಪ್‌ಮೆಂಟ್ (ಮುಂದೆ ಬೆಳೆಯುವವರ) ಗುಂಪಿನವರಿಗೆ 25,000 ರೂಪಾಯಿ ಕೈಖರ್ಚು ಸಿಗುತ್ತದೆ. ವಿದೇಶಿ ತರಬೇತಿಯ ಖರ್ಚು ಬೇರೆ. ಹೆಸರು ಆರಿಸುವುದು ಮಿಷನ್ ಒಲಿಂಪಿಕ್ ಸೆಲ್ ಎಂಬ ಕೇಂದ್ರದ ಸಮಿತಿ. 13 ವರ್ಷದ ಹುಡುಗನಿಗೆ ಅಲ್ಲಿ ಕೆಲಸವಿಲ್ಲ, ಆ ಮಾತು ಬಿಡಿ.

ಅದಕ್ಕಿಂತ ಕೆಳಗಿನ ಮೆಟ್ಟಿಲು ಎಳೆಯ ಪ್ರತಿಭೆಗಳಿಗೆ ಕೇಂದ್ರ ನಡೆಸುವ ಖೇಲೋ ಇಂಡಿಯಾ ಯೋಜನೆ. ಆಯ್ಕೆಯಾದವರಿಗೆ ವರ್ಷಕ್ಕೆ 6.28 ಲಕ್ಷ. ಇಲ್ಲೇ ಬಹಳ ಮಂದಿ ತಪ್ಪು ತಿಳಿಯುತ್ತಾರೆ: ಮಗುವಿನ ಖಾತೆಗೆ ಬರುವುದು ಅದರಲ್ಲಿ 1.20 ಲಕ್ಷ, ಅಂದರೆ ತಿಂಗಳಿಗೆ 10,000 ಮಾತ್ರ. ಉಳಿದದ್ದು ಊಟ, ವಸತಿ, ತರಬೇತಿ ಅಂತ ಅಕಾಡೆಮಿ ಕಡೆ ಹೋಗುತ್ತದೆ. ಮಗನನ್ನು ಮನೆಯಲ್ಲೇ ಇಟ್ಟುಕೊಂಡು ಆರು ಲಕ್ಷ ಎಣಿಸುವ ಲೆಕ್ಕ ನಡೆಯುವುದಿಲ್ಲ. ಸಾಧನೆ ಕುಸಿದರೆ ಹೆಸರೂ ಪಟ್ಟಿಯಿಂದ ಹೋಗುತ್ತದೆ.

ನಮ್ಮ ಕೈಗೆ ಎಟಕುವುದು ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಕ್ರೀಡಾಶಾಲೆ, ವಸತಿ ನಿಲಯಗಳು. 5ನೇ ಮತ್ತು 8ನೇ ತರಗತಿಗೆ ಸೇರುವ ಮಕ್ಕಳ ಆಯ್ಕೆ ಜಿಲ್ಲೆಯಿಂದಲೇ ಶುರುವಾಗುತ್ತದೆ. ಇಂಥ ಆಯ್ಕೆಗಳಲ್ಲಿ ನೋಡುವುದು ಎತ್ತರ, ತೂಕ, 30 ಮೀಟರ್ ಫ್ಲೈಯಿಂಗ್ ಓಟ (ಓಡುತ್ತಲೇ ಗೆರೆ ದಾಟಿದ ಮೇಲೆ ಸಮಯ ಹಿಡಿಯುವುದು), ನಿಂತಲ್ಲಿಂದ ಉದ್ದ ಜಿಗಿತ, 6×10 ಮೀಟರ್ ಶಟಲ್ ಓಟ (10 ಮೀಟರನ್ನು ಆರು ಸಲ ಹೋಗಿ ಬಂದು ಓಡುವುದು), 800 ಮೀಟರ್. ಬರೀ 100 ಮೀಟರ್ ಓಡಿಸಿ ಕರೆತಂದ ಮಕ್ಕಳು 800ರಲ್ಲಿ ಎರಡನೇ ಸುತ್ತಿಗೇ ಸೋತು ಬೀಳುತ್ತಾರೆ. ಜಿಗಿತದಲ್ಲಿ ಇನ್ನೊಂದು ನಷ್ಟ. ಅಳತೆ ಹಿಡಿಯುವುದು ಗೆರೆಗೆ ಅತಿ ಹತ್ತಿರದ ಗುರುತಿನಿಂದ. ಎರಡು ಮೀಟರ್ ಜಿಗಿದು ಹಿಂದಕ್ಕೆ ಕೈ ಊರಿದರೆ ಅರ್ಧ ಮೀಟರ್ ಅಲ್ಲೇ ಹೋಯಿತು. ಮೊಣಕಾಲು ಮಡಿಚಿ, ಕೈ ಮುಂದಕ್ಕೆ ಚಾಚಿ ಇಳಿಯುವುದನ್ನು ಹದಿನೈದು ದಿನ ಕಲಿಸಿದರೆ ಸಾಕು.

ಅಥ್ಲೆಟಿಕ್ಸ್ ಆದರೆ ಜಿಲ್ಲಾ ಅಥ್ಲೆಟಿಕ್ಸ್ ಸಂಸ್ಥೆಯ ಎಂಟ್ರಿ ಕೊನೆ ದಿನಾಂಕ ಗೋಡೆ ಮೇಲೆ ಬರೆದಿಡಿ. ಅಂತರ ಜಿಲ್ಲಾ ಜೂನಿಯರ್ ರಾಷ್ಟ್ರೀಯ ಕೂಟಕ್ಕೆ ಹೆಸರು ಹೋಗುವುದು ಅದರ ಮೂಲಕವೇ. ಪ್ರತಿಭೆ ಹುಡುಕುವವರ ಕಣ್ಣು ಇರುವುದೂ ಅಲ್ಲೇ. ಯಾವುದೋ ಖಾಸಗಿ ಸಂಸ್ಥೆ ‘ನ್ಯಾಷನಲ್’ ಅಂತ ಹೆಸರಿಟ್ಟು ಫೀ ಕಟ್ಟಿಸಿಕೊಂಡು ಕೊಡುವ ಬಂಗಾರ ಬಣ್ಣದ ಪ್ರಮಾಣಪತ್ರ ಗೋಡೆಗೆ ಚೆಂದ, ಅಷ್ಟೇ. ಮಾನ್ಯತೆ ಪಡೆದ ಫೆಡರೇಷನ್ನಿನ ಕೂಟ ಹೌದೋ ಅಲ್ಲವೋ ಎಂದು ರೊಕ್ಕ ಕಟ್ಟುವ ಮೊದಲೇ ಕೇಳಿ.

ಕಾಗದದ ವಿಷಯ ಇನ್ನೂ ಕೆಟ್ಟದ್ದು. ಆಧಾರ್‌ನಲ್ಲಿ ಒಂದು ಹೆಸರು, ಶಾಲೆಯಲ್ಲಿ ಒಂದು, ಶಾಲೆಗೆ ಹಾಕುವಾಗ ಮಾಸ್ತರರು ಅಂದಾಜಿಗೆ ಬರೆದ ಹುಟ್ಟಿದ ತಾರೀಖು. ವಯಸ್ಸಿನ ಬಗ್ಗೆ ಸಂಶಯ ಬಂದರೆ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆ ವಯಸ್ಸು ನೋಡುತ್ತಾರೆ. ಹುಡುಗ ಸುಳ್ಳು ಹೇಳಿರದಿದ್ದರೂ ಸಿಕ್ಕಿಬೀಳುತ್ತಾನೆ.

ಇನ್ನು ಬೂಟು. 10ರಿಂದ 15ರ ವಯಸ್ಸಿನಲ್ಲಿ, ನಿಲಯಕ್ಕೆ ಸೇರದ ಮಗುವಿನ ಖರ್ಚು ಬಹುತೇಕ ಮನೆಯ ಮೇಲೆಯೇ ಬೀಳುತ್ತದೆ. ಯೋಜನೆಗಳ ದೊಡ್ಡ ತೂತು ಇದೇ. ಪದಕ ಗೆದ್ದ ಮೇಲೆ ಕೊಡುವ ಕೋಟಿಯಲ್ಲಿ ಒಂದು ಪಾಲು ಇಲ್ಲಿಗೆ ಇಳಿಸಬೇಕಿತ್ತು. ಅಲ್ಲಿಯವರೆಗೆ ಪಿನ್ ಬದಲಿಸಲು ಬರುವ ಸ್ಪೈಕ್ಸ್ (ಅಡಿಯಲ್ಲಿ ಮೊಳೆಯಂಥ ಪಿನ್ ಇರುವ ಓಟದ ಬೂಟು) ಒಂದೇ ಜೋಡಿ ಕೊಳ್ಳಿ. ಸಿಂಥೆಟಿಕ್ ಟ್ರ್ಯಾಕಿಗೆ 6 ಮಿಲಿಮೀಟರ್ ಪಿನ್, ಮಣ್ಣಿನ ಅಂಗಳಕ್ಕೆ 12. ಸಿಂಥೆಟಿಕ್ ಮೇಲೆ ಓಟಕ್ಕೆ 9 ಮಿಲಿಮೀಟರಿಗಿಂತ ಉದ್ದದ ಪಿನ್ ನಿಯಮಕ್ಕೇ ವಿರುದ್ಧ. ಪಿನ್ ಕೀಲಿಯನ್ನು ಚೀಲದಲ್ಲೇ ಇಡಿ. ಎರೆಮಣ್ಣು ಮೆತ್ತಿ ಒಣಗಿದ ಪಿನ್ ಕೂಟದ ದಿನ ಬೆರಳಿನಿಂದ ಬಿಚ್ಚಲು ಬರುವುದಿಲ್ಲ.